ಇಳಿಯುವಾಗ ಹಿಡಿಯುವ ಮಂಡಿ, ಮೇಲೇಳದ ಭುಜ

ಕೀಲು, ಸ್ನಾಯು, ವ್ಯಾಯಾಮ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಯಸ್ಸು 41, ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಪ್ರತಿ ಭಾನುವಾರ ಸಿಂಹಗಡ ಕೋಟೆ ಹತ್ತಿ ಇಳಿಯುತ್ತೇನೆ. ಹತ್ತುವಾಗ ಏನೂ ಆಗುವುದಿಲ್ಲ. ಇಳಿಯುವಾಗ ಅರ್ಧ ದಾರಿಗೆ ಬಲ ಮಂಡಿಚಿಪ್ಪಿನ ಸುತ್ತ ನೋವು ಶುರು. ಸೋಮವಾರ ಆಫೀಸಿನ ಮೆಟ್ಟಿಲು ಇಳಿಯಲೂ ಕಷ್ಟ. ಜೊತೆಯವರು ನೀ-ಕ್ಯಾಪ್ ಹಾಕು, ಬೈಠಕ್ (ಬಸ್ಕಿ) ಬಿಡು, ಸ್ಟ್ರೆಚಿಂಗ್ ಮಾಡು ಅನ್ನುತ್ತಾರೆ. ಏನು ಮಾಡಲಿ? (ಕೊತ್ರೂಡ್, ಪುಣೆ)

ಉತ್ತರ: ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಾ ಮೈಭಾರವನ್ನು ತಡೆದು ಹಿಡಿಯಬೇಕು, ಅಂದರೆ ಬ್ರೇಕಿನ ಕೆಲಸ. ಸ್ನಾಯು ದಣಿದರೆ ಬ್ರೇಕ್ ಸಡಿಲ, ಆಗ ಹೆಜ್ಜೆ ಹೆಜ್ಜೆಗೂ ಹೊಡೆತ ಮಂಡಿಚಿಪ್ಪಿನ ಹಿಂಬದಿಗೆ. ಆರು ದಿನ ಕುರ್ಚಿಯಲ್ಲಿದ್ದ ಕಾಲಿಗೆ ಏಳನೆಯ ದಿನ ಒಂದೇ ಏಟಿಗೆ ಐದಾರು ನೂರು ಮೀಟರ್ ಇಳಿತ ಎಂದರೆ ಮಂಡಿ ದೂರು ಕೊಡುವುದು ಸಹಜ. ಬೈಠಕ್ ಬಿಟ್ಟರೆ ಆ ಬ್ರೇಕ್ ಇನ್ನೂ ಸೊರಗುತ್ತದೆ. ಈ ಸಲಹೆ ತಪ್ಪು.

ಮೊದಲು ಪಾದದ ಕೀಲನ್ನು ಅಳೆಯಿರಿ. ಬರಿಗಾಲಲ್ಲಿ ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ನೆಲ ಬಿಡದಂತೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗಿದರೆ ಪಾದವನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಂಡು ಮತ್ತೆ ನೋಡಿ. ಹಿಮ್ಮಡಿ ಏಳುವುದಕ್ಕೆ ಮೊದಲಿನ ಕೊನೆಯ ಜಾಗದಲ್ಲಿ ಹೆಬ್ಬೆರಳಿಗೂ ಗೋಡೆಗೂ ಎಷ್ಟು ಅಂತರ ಎಂದು ಸ್ಕೇಲ್ ಇಟ್ಟು ನೋಡಿ. 10 ಸೆಂ.ಮೀ. ಹತ್ತಿರ ಇದ್ದರೆ ಚಿಂತೆಯಿಲ್ಲ. ತೀರಾ ಕಡಿಮೆಯಿದ್ದರೆ, ಅಥವಾ ಎಡಕ್ಕಿಂತ ಬಲಗಾಲಲ್ಲಿ 2 ಸೆಂ.ಮೀ. ಕಡಿಮೆಯಿದ್ದರೆ, ಇಳಿಜಾರಿನಲ್ಲಿ ಪಾದ ಮಡಿಯದೆ ಮಂಡಿ ಒಳಕ್ಕೆ ವಾಲುತ್ತಿರಬಹುದು. ಹಾಗಿದ್ದರೆ ಪರೀಕ್ಷೆಯೇ ವ್ಯಾಯಾಮ: ಅದೇ ಭಂಗಿಯಲ್ಲಿ ದಿನಾ 15 ಸಲದಂತೆ ಎರಡು ಸೆಟ್, ಮಂಡಿ ಎರಡನೆಯ ಬೆರಳಿನ ನೇರಕ್ಕೆ ಹೋಗಲಿ.

ಮುಖ್ಯ ಕೆಲಸ ಮೆಟ್ಟಿಲಿನದು. ಸುಮಾರು 15 ಸೆಂ.ಮೀ. ಎತ್ತರದ ಮೆಟ್ಟಿಲ ಅಂಚಿನಲ್ಲಿ ಬಲಗಾಲಲ್ಲಿ ನಿಂತು, ಮೂರು ಎಣಿಸುತ್ತಾ ಎಡ ಹಿಮ್ಮಡಿಯನ್ನು ನೆಲಕ್ಕೆ ಇಳಿಸಿ. ಮೊಟ್ಟೆಯ ಮೇಲೆ ಕಾಲಿಟ್ಟಂತೆ ತಾಗಿಸಿ, ಬಲಗಾಲಿನಿಂದಲೇ ಮೇಲೇಳಿ. ಎಂಟರಂತೆ ಮೂರು ಸೆಟ್, ದಿನ ಬಿಟ್ಟು ದಿನ. ಎಲ್ಲರೂ ಮಾಡುವ ತಪ್ಪು ಒಂದೇ: ಕೆಳಗಿನ ಕಾಲಿನಿಂದ ನೆಲವನ್ನು ಒದ್ದು ಏಳುವುದು. ಒದ್ದರೆ ಲೆಕ್ಕಕ್ಕಿಲ್ಲ. ಸೊಂಟ ಒಂದು ಕಡೆ ಕುಸಿಯುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಹನ್ನೆರಡು ಸಲೀಸಾಗಿ ಆದ ಮೇಲೆ ಬೆನ್ನಿಗೆ 5 ಕಿಲೋ ಚೀಲ. ನೋವನ್ನು ಹತ್ತರಲ್ಲಿ ಅಳೆದರೆ ಮೂರರವರೆಗೆ ಪರವಾಗಿಲ್ಲ. ಮಾರನೆಯ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ನೋವು ಹೆಚ್ಚಿದ್ದರೆ ಮೆಟ್ಟಿಲಿನ ಎತ್ತರವನ್ನು 10 ಸೆಂ.ಮೀ.ಗೆ ಇಳಿಸಿ.

ಸಿಂಹಗಡ ಬಿಡಬೇಕಿಲ್ಲ. ನಾಲ್ಕು ವಾರ ನಡೆದು ಹತ್ತಿ, ಶೇರ್ ಜೀಪಿನಲ್ಲಿ ಇಳಿಯಿರಿ. (ಜೀಪಿನದು ರಸ್ತೆ ದಾರಿ, ಇಳಿಸುವ ಜಾಗ ಬೇರೆ. ಬೈಕ್ ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ನೋಡಿಕೊಳ್ಳಿ.) ಆಮೇಲೆ ಎರಡೂ ಕೈಗೆ ಕೋಲು ಹಿಡಿದು, ಸಣ್ಣ ಹೆಜ್ಜೆಯಲ್ಲಿ ಇಳಿಯಲು ಶುರುಮಾಡಿ. ನೀ-ಕ್ಯಾಪ್ ಬೆಚ್ಚಗಿಡುತ್ತದೆ, ಧೈರ್ಯ ಕೊಡುತ್ತದೆ, ಬ್ರೇಕ್ ಕೊಡುವುದಿಲ್ಲ. ಮಂಡಿ ಊದಿದರೆ, ಮಡಿಸಿದ ಕಾಲು ಬಿಡಿಸಲಾಗದಂತೆ ಸಿಕ್ಕಿಕೊಂಡರೆ, ನಡೆಯುವಾಗ ತಟ್ಟನೆ ಕುಸಿದರೆ ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮ ಸಂಘದ ಬಡಗುತಿಟ್ಟು ಯಕ್ಷಗಾನದ ತಾಲೀಮು ಸಭಾಗೃಹದ ಟೈಲ್ಸ್ ನೆಲದ ಮೇಲೆ. ಮಂಡಿ ಹಾಕಿ ಹಾಕಿ (ಮಂಡಿಯೂರಿ ಗಿರಗಿರ ತಿರುಗುವ ಕುಣಿತ) ಎಡಗಾಲ ಚಿಪ್ಪಿನ ಮೇಲೆ ನಿಂಬೆಹಣ್ಣಿನಷ್ಟು ಊತ ಬಂದಿದೆ, ನೋವು ಅಷ್ಟಿಲ್ಲ. ಪ್ರದರ್ಶನಕ್ಕೆ ಇನ್ನು ಐದು ವಾರ. (ಡೊಂಬಿವಲಿ)

ಉತ್ತರ: ಚರ್ಮಕ್ಕೂ ಚಿಪ್ಪಿಗೂ ನಡುವೆ ಬರ್ಸಾ ಎಂಬ ತೆಳು ಚೀಲವಿದೆ. ಗಟ್ಟಿ ನೆಲಕ್ಕೆ ಉಜ್ಜಿ ಉಜ್ಜಿ ಅದರಲ್ಲಿ ನೀರು ತುಂಬುತ್ತದೆ. ಊತ ಚಿಪ್ಪಿನ ನೆತ್ತಿಯ ಮೇಲೆ ಮೆತ್ತಗಿದ್ದು, ಕಾಲು ಸಲೀಸಾಗಿ ಮಡಿಯುತ್ತಿದ್ದರೆ ಇದೇ ಇರಬಹುದು. ಚಿಪ್ಪಿನ ಎರಡೂ ಪಕ್ಕ ಮತ್ತು ಮೇಲ್ಗಡೆ ಉಬ್ಬಿದ್ದರೆ ನೀರು ಕೀಲಿನೊಳಗಿದೆ, ಅದು ಬೇರೆ ಕಥೆ, ವೈದ್ಯರು ನೋಡಬೇಕು. ಊತ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಸೋಂಕು ತಗಲಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಸೂಜಿ ಚುಚ್ಚಿ ನೀರು ತೆಗೆಯುವ ಸಾಹಸ ಖಂಡಿತ ಬೇಡ.

ಎರಡು ಮೂರು ವಾರ ಮಂಡಿ ಊರಬೇಡಿ. ದೇವರಿಗೆ ನಮಸ್ಕಾರ ಹಾಕುವಾಗಲೂ, ನೆಲ ಒರೆಸುವಾಗಲೂ. ಬಟ್ಟೆಯಲ್ಲಿ ಸುತ್ತಿದ ಐಸ್ ದಿನಕ್ಕೆ ಮೂರು ಸಲ, ಹತ್ತು ಹದಿನೈದು ನಿಮಿಷ ಇಡಿ. ನಿಂತು ಹಾಕುವ ಹೆಜ್ಜೆ, ಅಭಿನಯದ ತಾಲೀಮು ನಡೆಯಲಿ. ಊತ ಇಳಿದ ಮೇಲೆ ವಾಲಿಬಾಲ್ ಆಡುವವರ ದಪ್ಪ ಮಂಡಿಪ್ಯಾಡ್ ಹಾಕಿ, ಯೋಗ ಮ್ಯಾಟನ್ನು ಎರಡು ಮಡಿಕೆ ಮಾಡಿ ಅದರ ಮೇಲೆ ಮಂಡಿ ಊರಿ ಏಳುವುದನ್ನು ಅಭ್ಯಾಸ ಮಾಡಿ. ತಿರುಗುವುದಕ್ಕೆ ಮ್ಯಾಟ್ ಆಗದು, ಕಾಲು ಹಿಡಿದು ಮಂಡಿಯೇ ತಿರುಚೀತು. ಅದಕ್ಕೆ ಪ್ಯಾಡ್ ಮಾತ್ರ ಸಾಕು. ಮೊದಲ ದಿನ ಎಣಿಸಿ ಹತ್ತೇ ಸುತ್ತು. ಮಾರನೆಯ ಬೆಳಿಗ್ಗೆ ಊತವಿಲ್ಲದಿದ್ದರೆ ನಾಲ್ಕೈದು ಸುತ್ತು ಸೇರಿಸಿ. ರಂಗದಲ್ಲೂ ಪ್ಯಾಡ್ ಇರಲಿ, ವೇಷದೊಳಗೆ ಯಾರಿಗೂ ಕಾಣದು. ತೆಂಕುತಿಟ್ಟಿನಲ್ಲಿ ಧೀಂಗಿಣ (ಹಾರಿ ಸುತ್ತುವ ಕುಣಿತ) ಹಾಕುವವರ ತೊಂದರೆ ಬೇರೆ, ಪಾದದ ಕೀಲಿನದು. ಯಾರಾದರೂ ಕೇಳಿದರೆ ಬರೆಯುತ್ತೇವೆ.

ಪ್ರಶ್ನೆ: ನನಗೆ 53, ಸಕ್ಕರೆ ಕಾಯಿಲೆ ಇದೆ. ಯೋಗ ಕ್ಲಾಸ್, ವಾಕಿಂಗ್ ತಪ್ಪಿಸಿದವಳಲ್ಲ. ಮೂರು ತಿಂಗಳಿಂದ ಎಡಗೈ ಎತ್ತಿ ಲೋಕಲ್ ರೈಲಿನ ಹಿಡಿಕೆ ಹಿಡಿಯಲಾಗುತ್ತಿಲ್ಲ, ಬೆನ್ನ ಹಿಂದಕ್ಕೆ ಕೈ ಹೋಗುತ್ತಿಲ್ಲ. ಆ ಪಕ್ಕಕ್ಕೆ ಮಲಗಿದರೆ ನಿದ್ದೆಯಿಲ್ಲ. ಎಳೆದೆಳೆದು ಬಿಡಿಸಬೇಕು ಅನ್ನುತ್ತಾರೆ. (ಮುಲುಂಡ್)

ಉತ್ತರ: ಎಳೆಯಬೇಡಿ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, 90 ಡಿಗ್ರಿ ಮಡಿಸಿ, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ನಿಮ್ಮಿಂದಾಗದಿದ್ದರೆ ಮನೆಯವರು ಮೆಲ್ಲಗೆ ತಿರುಗಿಸಲಿ. ಅವರು ತಿರುಗಿಸಿದರೂ ಬಾಗಿಲಿಗೆ ಚಿಲಕ ಹಾಕಿದಂತೆ ನಿಂತರೆ ಅದು ಫ್ರೋಜನ್ ಶೋಲ್ಡರ್ ಇರುವ ಸಾಧ್ಯತೆ ಹೆಚ್ಚು. ಕೀಲಿನ ಸುತ್ತಲಿನ ಹೊದಿಕೆಯೇ ದಪ್ಪವಾಗಿ ಕುಗ್ಗಿರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಬೇರೆಯವರು ಎತ್ತಿದಾಗ ಸಲೀಸಾಗಿ ಏಳುವ ಕೈ ನೀವೇ ಎತ್ತಿದಾಗ ಏಳದಿದ್ದರೆ ಭುಜದ ಸ್ನಾಯುರಜ್ಜುವಿನ ತೊಂದರೆ ಇರಬಹುದು. ಅದಕ್ಕೆ ಚಿಕಿತ್ಸೆಯೇ ಬೇರೆ. ಆದ್ದರಿಂದ ಒಮ್ಮೆ ವೈದ್ಯರಿಗೆ ತೋರಿಸಲೇಬೇಕು. ಎಕ್ಸ್‌ರೇ ತೆಗೆಸಿದರೆ ಸವೆತ ಇದೆಯೇ ಎಂದೂ ತಿಳಿಯುತ್ತದೆ.

ರಾತ್ರಿ ನೋವು ಜೋರಾಗಿರುವ ಈ ಹಂತದಲ್ಲಿ ಬಲವಂತ ಮಾಡಿದಷ್ಟೂ ಉರಿ ಏರುತ್ತದೆ. ಬಿಸಿನೀರ ಸ್ನಾನದ ನಂತರ ಮೇಜಿಗೆ ಬಲಗೈ ಊರಿ ಬಾಗಿ, ಎಡಗೈ ಜೋತುಬಿಟ್ಟು ಒಂದೆರಡು ನಿಮಿಷ ತೂಗಾಡಿಸಿ. ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು, ಬಲಗೈಯಿಂದ ಎಡ ಮುಂಗೈಯನ್ನು ಹೊರಕ್ಕೆ ತಳ್ಳಿ, ಐದು ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಯೋಗದಲ್ಲಿ ಸದ್ಯ ಅಧೋಮುಖ ಶ್ವಾನಾಸನ, ಬೆನ್ನ ಹಿಂದೆ ಕೈ ಕಟ್ಟುವ ಆಸನ ಬೇಡ. ಆರಂಭದ ತಿಂಗಳುಗಳಲ್ಲಿ ಕೀಲಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ನೋವು ತಗ್ಗಿಸುತ್ತದೆ, ಆದರೆ ಕೆಲವು ದಿನ ಸಕ್ಕರೆ ಏರುತ್ತದೆ. ಸಕ್ಕರೆ ನೋಡುವ ವೈದ್ಯರಿಗೆ ಮೊದಲೇ ಹೇಳಿಡಿ. ಭುಜದ ಬಿಗಿತ ಪೂರ್ತಿ ಬಿಡಲು ಒಂದೆರಡು ವರ್ಷವೂ ಹಿಡಿಯಬಹುದು. ರೈಲಿನಲ್ಲಿ ಸದ್ಯಕ್ಕೆ ಬಲಗೈ ಹಿಡಿಯಲು ಸಿಗುವ ಕಡೆ ನಿಲ್ಲಿ.

ಪ್ರಶ್ನೆ: ಬೆರಳ ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆಯೇ? ಅತ್ತೆ ಬೈಯುತ್ತಾರೆ. (ವಾಸ್ಕೋ)

ಉತ್ತರ: ಬರುವುದಿಲ್ಲ. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯರು 60ಕ್ಕೂ ಹೆಚ್ಚು ವರ್ಷ ಒಂದೇ ಕೈಯ ನೆಟಿಗೆ ಮುರಿದು, ಇನ್ನೊಂದನ್ನು ಹಾಗೇ ಬಿಟ್ಟರು. ಎರಡೂ ಕೈಯಲ್ಲಿ ಸಂಧಿವಾತವಿರಲಿಲ್ಲ. ಅದಕ್ಕೆ 2009ರಲ್ಲಿ ನಗೆಯ ಇಗ್ ನೊಬೆಲ್ ಬಹುಮಾನ ಬಂತು. ಒಬ್ಬರ ಎರಡು ಕೈ ದೊಡ್ಡ ಸಾಕ್ಷಿಯೇನಲ್ಲ, ಅತ್ತೆಯವರಿಗೆ ಹೇಳಲು ಸಾಕು. ಸದ್ದಿನ ಜೊತೆ ನೋವು, ಊತ ಇದ್ದರೆ ಮಾತ್ರ ತೋರಿಸಿ.

ಪ್ರಶ್ನೆ: ಜನವರಿಯ ಮುಂಬಯಿ ಹಾಫ್ ಮ್ಯಾರಥಾನ್‌ಗೆ ತಯಾರಿ. ಎಷ್ಟು ಸ್ಟ್ರೆಚ್ ಮಾಡಿದರೂ ಮೀನಖಂಡದ ಬಿಗಿತ ಹೋಗುತ್ತಿಲ್ಲ. (ಬೊರಿವಲಿ)

ಉತ್ತರ: ಬಿಗಿ ಅನಿಸುವ ಸ್ನಾಯು ಗಿಡ್ಡವಾಗಿರಬೇಕೆಂದಿಲ್ಲ, ಬಲ ಸಾಲದೆಯೂ ಇರಬಹುದು. ಒಂದೇ ಕಾಲಲ್ಲಿ ನಿಂತು, ಗೋಡೆಗೆ ಬೆರಳು ತಾಗಿಸಿ, ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸಿ. 25 ಆಗಬೇಕು. ಹದಿನೈದಕ್ಕೇ ಎತ್ತರ ಕುಸಿದರೆ ಸ್ಟ್ರೆಚ್ ಬಿಟ್ಟು ಇದನ್ನೇ ವಾರಕ್ಕೆ ಮೂರು ದಿನ ಮೂರು ಸೆಟ್ ಮಾಡಿ. ಒಂದು ದಿನ ಮಂಡಿ ನೇರ, ಇನ್ನೊಂದು ದಿನ ತುಸು ಮಡಿಸಿ. ಮಡಿಸಿದಾಗ ಹೆಚ್ಚು ದುಡಿಯುವುದು ಒಳಪದರದ ಸೋಲಿಯಸ್ ಸ್ನಾಯು, ಓಟದ ದಾರಿಯ ಪೆಡ್ಡರ್ ರೋಡಿನ ಏರಿನಲ್ಲಿ ನಿಮ್ಮನ್ನು ತಳ್ಳುವುದರಲ್ಲಿ ಅದರದ್ದು ದೊಡ್ಡ ಪಾಲು.