ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಪ್ರಶ್ನೆ: ನಮ್ಮ ಮನೆಯಲ್ಲಿ 2019ರ ಕೊನೆಯಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ಬಿ450 ಮದರ್‌ಬೋರ್ಡ್, ರೈಜೆನ್ 3 3200ಜಿ ಪ್ರೊಸೆಸರ್, 8 ಜಿಬಿ ರ‍್ಯಾಮ್, 450 ವ್ಯಾಟ್ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಪೂರೈಸುವ ಪೆಟ್ಟಿಗೆ). ಮಗಳ ಎಂಜಿನಿಯರಿಂಗ್ ಓದಿಗೆ ಅದರ ವೇಗ ಸಾಲದೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರೈಜೆನ್ 5 5600 ಪ್ರೊಸೆಸರನ್ನೂ ಇನ್ನೊಂದು 8 ಜಿಬಿ ರ‍್ಯಾಮನ್ನೂ ತಂದು, ಒಂದೇ ಸಂಜೆಯಲ್ಲಿ ಎರಡನ್ನೂ ನಾನೇ ಕೂರಿಸಿದೆ. ಈಗ ಬಟನ್ ಒತ್ತಿದರೆ ಫ್ಯಾನ್‌ಗಳು ತಿರುಗುತ್ತವೆ, ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಊರಿನ ರಿಪೇರಿಯವರು ಮದರ್‌ಬೋರ್ಡ್ ಸುಟ್ಟಿದೆ, ಬದಲಿಸಬೇಕು ಎನ್ನುತ್ತಾರೆ. ಹಳೆಯ ಪ್ರೊಸೆಸರ್ ನನ್ನ ಬಳಿಯೇ ಇದೆ. ಏನು ಮಾಡಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಸದ್ಯಕ್ಕೆ ಮದರ್‌ಬೋರ್ಡ್ ಕೊಳ್ಳಬೇಡಿ. ನೀವು ಕೊಟ್ಟ ವಿವರದಲ್ಲೇ, ಬೋರ್ಡ್ ಕೆಟ್ಟಿರದಿದ್ದರೂ ಪರದೆ ಕಪ್ಪಾಗಿ ಉಳಿಯಲು ಎರಡು ಕಾರಣಗಳು ಕಾಣುತ್ತಿವೆ.

ಮೊದಲನೆಯದು ನಿಮ್ಮ ಹಳೆಯ ಪ್ರೊಸೆಸರ್‌ನ ಹೆಸರಿನ ಕೊನೆಗಿದ್ದ ‘ಜಿ’ ಅಕ್ಷರ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗವು 3200ಜಿ ಪ್ರೊಸೆಸರ್‌ನ ಒಳಗೇ ಇರುವುದರಿಂದ, ಇಷ್ಟು ವರ್ಷ ನೀವು ಮಾನಿಟರ್‌ನ ಕೇಬಲ್ಲನ್ನು ನೇರವಾಗಿ ಮದರ್‌ಬೋರ್ಡ್‌ನ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿ ಕೆಲಸ ಮಾಡಿದಿರಿ. 5600ರಲ್ಲಿ ಆ ಭಾಗವೇ ಇಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದಾಗಿ ನೀವು ಬರೆದಿಲ್ಲವಾದ್ದರಿಂದ, ಉಳಿದುದೆಲ್ಲ ಸರಿಯಿದ್ದರೂ ಆ ಕಿಂಡಿಯಿಂದ ಚಿತ್ರ ಬರುವಂತಿಲ್ಲ. ಇಂಟೆಲ್‌ನವರದು ಇದಕ್ಕೆ ತಿರುವುಮುರುವು: ಅಲ್ಲಿ ‘ಎಫ್’ ಅಕ್ಷರವಿದ್ದರೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಕೊಳ್ಳುವವರು ಎಡವುವುದು ಸಹಜವೇ.

ಎರಡನೆಯದು ಬಯಾಸ್, ಎಂದರೆ ಯಂತ್ರಕ್ಕೆ ವಿದ್ಯುತ್ ಬಂದೊಡನೆ ಮೊದಲು ಓಡುವ, ಬೋರ್ಡ್‌ನ ಚಿಪ್‌ನಲ್ಲಿಯೇ ಇರುವ ತಂತ್ರಾಂಶ. ರೈಜೆನ್ 5000 ಸರಣಿ ಮಾರುಕಟ್ಟೆಗೆ ಬಂದದ್ದು 2020ರ ನವೆಂಬರ್‌ನಲ್ಲಿ, ನಿಮ್ಮ 5600 ಬಂದದ್ದು 2022ರಲ್ಲಿ. 2019ರಲ್ಲಿ ತುಂಬಿದ ಬಯಾಸನ್ನು ಆಮೇಲೆ ನೀವು ನವೀಕರಿಸಿಲ್ಲವಾದರೆ ಅದಕ್ಕೆ ಈ ಪ್ರೊಸೆಸರ್‌ನ ಗುರುತೇ ಸಿಗದು. ಸಾಕೆಟ್ ಒಂದೇ ಆದ್ದರಿಂದ ಪ್ರೊಸೆಸರ್ ಸಲೀಸಾಗಿ ಕೂತುಬಿಡುತ್ತದೆ, ಫ್ಯಾನ್ ಕೂಡ ತಿರುಗುತ್ತದೆ, ಅದರಾಚೆಗೆ ಏನೂ ನಡೆಯುವುದಿಲ್ಲ.

ಇವೆರಡರಲ್ಲಿ ಯಾವುದೆಂದು ತಿಳಿಯಲು ಯಂತ್ರವನ್ನು ಚಾಲೂ ಮಾಡಿ, ಎರಡು ಮೂರು ನಿಮಿಷ ಬಿಟ್ಟು, ಕೀಬೋರ್ಡ್‌ನ ನಮ್ ಲಾಕ್ ಕೀಲಿಯನ್ನು ಒತ್ತಿ. ಅದರ ದೀಪ ಹೊತ್ತಿ ಆರುತ್ತಿದ್ದರೆ ಯಂತ್ರ ಒಳಗೆ ಎಚ್ಚರವಾಗಿದೆ, ಚಿತ್ರ ಕೊಡುವವರು ಮಾತ್ರ ಯಾರೂ ಇಲ್ಲ ಎಂದು ತಿಳಿಯಬಹುದು. ದೀಪ ಅಲುಗದಿದ್ದರೆ ಬಯಾಸ್ ಅಥವಾ ರ‍್ಯಾಮ್ ಕಡೆಗೆ ಅನುಮಾನ ಹೋಗಬೇಕು. ಬೋರ್ಡ್‌ನ ಅಂಚಿನಲ್ಲಿ ಸಿಪಿಯು, ಡಿ‌ರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿದ್ದರೆ, ಯಾವುದು ಆರದೆ ಉಳಿದಿದೆಯೋ ಅಲ್ಲಿಯೇ ಕೆಲಸ ನಿಂತಿದೆ ಎಂದರ್ಥ. ಎಸ್‌ಎಂಪಿಎಸ್ ಸಾಲದಾಯಿತೇ ಎಂಬ ಚಿಂತೆ ಬೇಡ. ಹಳೆಯ ಪ್ರೊಸೆಸರ್‌ನಂತೆಯೇ ಇದೂ 65 ವ್ಯಾಟ್‌ನದು.

ಮುಂದಿನ ಹೆಜ್ಜೆ ಹಿಂದಕ್ಕೆ ಹೋಗುವುದು. ಗೋಡೆಯ ಪ್ಲಗ್ ಕಿತ್ತು, ಹೊಸ ರ‍್ಯಾಮನ್ನು ತೆಗೆದಿಟ್ಟು, ಹಳೆಯ ಪ್ರೊಸೆಸರನ್ನೂ ಹಳೆಯ ರ‍್ಯಾಮನ್ನೂ ಮತ್ತೆ ಹಾಕಿ. ಪ್ರೊಸೆಸರ್ ಮೇಲೆ ಕೂತು ಅದನ್ನು ತಂಪಾಗಿಡುವ ಕೂಲರನ್ನು ಎಂದೂ ನೇರವಾಗಿ ಮೇಲಕ್ಕೆ ಎಳೆಯಬೇಡಿ. ನಿಮ್ಮ ಬೋರ್ಡ್‌ನ ಎಎಂ4 ಸಾಕೆಟ್‌ಗೆ ಕೂರುವ ಪ್ರೊಸೆಸರ್‌ನಲ್ಲಿ 1331 ಪಿನ್ನುಗಳು ಅದರ ಹೊಟ್ಟೆಯಡಿಯಲ್ಲೇ ಇರುತ್ತವೆ. ಇವೆರಡರ ನಡುವೆ ಶಾಖ ಸಾಗಿಸಲು ಹಚ್ಚುವ ಥರ್ಮಲ್ ಪೇಸ್ಟ್ ಅಂಟಿಕೊಂಡಿದ್ದರೆ ಸಾಕೆಟ್‌ನ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಕೂಲರ್ ಜೊತೆಗೇ ಕಿತ್ತುಬಂದು ಪಿನ್ನುಗಳು ಬಾಗುವುದುಂಟು. ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಚಿ, ಸಡಿಲವಾದುದು ಕೈಗೆ ತಿಳಿದ ನಂತರ ಎತ್ತಿ. ಮತ್ತೆ ಕೂರಿಸುವಾಗ ಹಳೆಯ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಲೇಬೇಕು.

ಹಳೆಯ ಭಾಗಗಳೊಂದಿಗೆ ಚಿತ್ರ ಬಂದರೆ ಬೋರ್ಡ್ ಸುಟ್ಟಿದೆ ಎಂಬ ಮಾತು ಅಲ್ಲಿಗೇ ಮುಗಿಯಿತು. ಆಗ ಬೋರ್ಡ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಪುಟ ತೆರೆದು, 5600ಕ್ಕೆ ಯಾವ ಆವೃತ್ತಿಯ ಬಯಾಸ್ ಬೇಕೆಂದು ನೋಡಿ, ಅದನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಬಯಾಸ್‌ನ ಒಳಗಿನಿಂದಲೇ ನವೀಕರಿಸಿ. ನಡುವೆ ಕರೆಂಟ್ ಹೋದರೆ ಬೋರ್ಡ್ ನಿಜವಾಗಿಯೂ ಕೆಡಬಹುದು. ಆದ್ದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು. ಹಳೆಯ ಭಾಗಗಳೊಂದಿಗೂ ಚಿತ್ರ ಬರದಿದ್ದರೆ, ಪ್ಲಗ್ ಕಿತ್ತ ಸ್ಥಿತಿಯಲ್ಲಿ ಬೋರ್ಡ್ ಮೇಲಿನ ಸಿಆರ್2032 ಬಿಲ್ಲೆ ಸೆಲ್ಲನ್ನು ಕೆಲವು ನಿಮಿಷ ತೆಗೆದಿಟ್ಟು, ರ‍್ಯಾಮ್‌ನ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ‘ಟಕ್’ ಎನ್ನುವಂತೆ ಒತ್ತಿ ಕೂರಿಸಿ ನೋಡಿ.

ಬಯಾಸ್ ಸರಿಯಾದ ಮೇಲೂ ಗ್ರಾಫಿಕ್ಸ್‌ನ ಪ್ರಶ್ನೆ ಉಳಿಯುತ್ತದೆ. ಅಂಗಡಿಯವರು ಒಪ್ಪಿದರೆ 5600 ಕೊಟ್ಟು 5600ಜಿ ತೆಗೆದುಕೊಳ್ಳಿ. ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಸ್ಮರಣೆ) 32ರ ಬದಲು 16 ಎಂಬಿ ಎಂಬುದು ನಿಜವಾದರೂ ಪ್ರೋಗ್ರಾಮಿಂಗ್ ಕಲಿಕೆಗೆ ಅದರಿಂದ ಅಡಚಣೆಯಾಗದು. ಒಪ್ಪದಿದ್ದರೆ ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಸಾಕು, ಸೆಕೆಂಡ್ ಹ್ಯಾಂಡ್ ಆದರೂ ನಡೆದೀತು. ಕೇಬಲ್ಲನ್ನು ಕಾರ್ಡ್‌ನ ಕಿಂಡಿಗೇ ಸಿಕ್ಕಿಸಬೇಕೆಂಬುದು ನೆನಪಿರಲಿ. ಪ್ರೊಸೆಸರ್ ನೆಲೆಗೊಂಡ ಮೇಲಷ್ಟೇ ಎರಡನೆಯ ರ‍್ಯಾಮ್ ಹಾಕಿ. ಹೊಸ ಪ್ರೊಸೆಸರ್‌ನೊಂದಿಗೆ ಮೊದಲ ಬಾರಿ ಚಿತ್ರ ಬಂದಾಗ ಎಫ್‌ಟಿಪಿಎಂ (ಭದ್ರತಾ ಕೀಲಿಗಳನ್ನು ಕಾಯುವ ವ್ಯವಸ್ಥೆ) ಬಗ್ಗೆ ‘ವೈ’ ಅಥವಾ ‘ಎನ್’ ಒತ್ತಿರೆಂದು ಅದು ಕೇಳಬಹುದು. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳದೆ ‘ವೈ’ ಒತ್ತಬೇಡಿ.

ಪ್ರಶ್ನೆ: ಬೋರ್ಡ್‌ಗೇ ನೇರ ಸಿಕ್ಕಿಸುವ ಹೊಸ ಎಂ.2 ಎಸ್‌ಎಸ್‌ಡಿ ಹಾಕಿದ ಮೇಲೆ ಬೂಟ್ ಆಗುವ ಡಿಸ್ಕ್ ಇಲ್ಲ ಎಂಬ ಸಂದೇಶ ಬರುತ್ತಿದೆ. ವಿಂಡೋಸ್ ಇರುವ, ಕೇಬಲ್ ಮೂಲಕ ಜೋಡಿಸಿದ ಹಳೆಯ ಸಾಟಾ ಡಿಸ್ಕ್ ಬಯಾಸ್‌ನಲ್ಲಿಯೂ ಕಾಣುತ್ತಿಲ್ಲ. ಅದು ಕೆಟ್ಟಿತೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಹಾಗೆಂದು ಈಗಲೇ ತೀರ್ಮಾನಿಸಬೇಡಿ. ಎಷ್ಟೋ ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್‌ಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಯಾವ ಪೋರ್ಟ್‌ಗಳೆಂಬುದು ಬೋರ್ಡ್‌ನ ಕೈಪಿಡಿಯಲ್ಲಿರುತ್ತದೆ. ಹಳೆಯ ಡಿಸ್ಕ್‌ನ ಕೇಬಲ್ಲನ್ನು ಬೇರೆ ಪೋರ್ಟ್‌ಗೆ ಬದಲಿಸಿ, ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಅದನ್ನೇ ಮೊದಲಿಗಿಡಿ.