ವಿಮಾನದೊಳಗಿನ ಗಾಳಿಯನ್ನು ಅಳೆಯುವವರು ಯಾರು?

ಪ್ರಶ್ನೆ: ಹೋದ ತಿಂಗಳು ವಿಮಾನದಲ್ಲಿ ಕೂತಿದ್ದಾಗ, ಎಂಜಿನ್ ಚಾಲೂ ಆದ ಕೂಡಲೇ ಕೊಳಕು ಸಾಕ್ಸ್ ತರಹದ ವಾಸನೆ ಬಂತು. ಐದಾರು ನಿಮಿಷದಲ್ಲಿ ಹೋಯಿತು, ಆದರೆ ಮಗಳಿಗೆ ತಲೆನೋವು ಶುರುವಾಯಿತು. ಸಿಬ್ಬಂದಿಯನ್ನು ಕೇಳಿದರೆ ‘ಫಿಲ್ಟರ್ ಇದೆ, ಹೆದರಬೇಡಿ’ ಎಂದರು. ಒಳಗಿನ ಗಾಳಿಗೆ ನಿಯಮ ಅಂತ ಏನೂ ಇಲ್ವಾ?

ಉತ್ತರ: ನಿಯಮ ಇದೆ. ಆದರೆ ನೀವು ಕೇಳುತ್ತಿರುವ ವಾಸನೆಯ ವಿಷಯದಲ್ಲಿ ಅದು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಬಹುತೇಕ ಜೆಟ್ ವಿಮಾನಗಳಲ್ಲಿ ನಾವು ಉಸಿರಾಡುವ ಹೊರಗಿನ ಗಾಳಿ ಬರುವುದು ಎಂಜಿನ್ ಮೂಲಕವೇ. ಇಂಧನ ಸೇರುವುದಕ್ಕೆ ಮುಂಚೆ, ಗಾಳಿಯನ್ನು ಒತ್ತುವ ಕಂಪ್ರೆಸರ್ ಹಂತದಲ್ಲೇ ಒಂದಿಷ್ಟು ಬಿಸಿ ಗಾಳಿಯನ್ನು ತೆಗೆದು, ತಣ್ಣಗೆ ಮಾಡಿ ಒಳಗೆ ಬಿಡುತ್ತಾರೆ. ಇದೇ ಬ್ಲೀಡ್ ಏರ್. ಇದರ ಜೊತೆ ಕ್ಯಾಬಿನ್‌ನಲ್ಲಿದ್ದ ಗಾಳಿಯನ್ನೇ ಸೋಸಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಬೆರೆಸುತ್ತಾರೆ. ಸೋಸುವ ಹೆಪಾ ಫಿಲ್ಟರ್ ನಿಜಕ್ಕೂ ಒಳ್ಳೆಯದು, 0.3 ಮೈಕ್ರಾನ್ ಕಣಗಳಲ್ಲಿ 99.97% ಹಿಡಿಯುತ್ತದೆ, ರೋಗಾಣುಗಳ ವಿಷಯದಲ್ಲಿ ಅದನ್ನು ನಂಬಬಹುದು. ಆದರೆ ಆವಿ, ಅನಿಲ ಅದಕ್ಕೆ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಫಿಲ್ಟರ್ ಇರುವುದು ಮರುಬಳಕೆಯ ಗಾಳಿಯ ದಾರಿಯಲ್ಲಿ. ಎಂಜಿನ್‌ನಿಂದ ಹೊಸದಾಗಿ ಬರುವ ಗಾಳಿ ಸಾಮಾನ್ಯವಾಗಿ ಫಿಲ್ಟರ್ ದಾಟದೆಯೇ ಒಳಗೆ ಬರುತ್ತದೆ. ಹಾಗಾಗಿ ‘ಫಿಲ್ಟರ್ ಇದೆ’ ಎನ್ನುವುದು ನಿಮ್ಮ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಎಂಜಿನ್‌ನ ಸೀಲ್ ಸವೆದರೆ ಆಯಿಲ್ ಸ್ವಲ್ಪ ಸೋರಿ, ಕಾದು, ಈ ಗಾಳಿಗೆ ಸೇರಬಹುದು. ಸಾಕ್ಸ್ ವಾಸನೆ ಅಂತ ಜನ ಹೇಳುವುದು ಸಾಮಾನ್ಯವಾಗಿ ಇದಕ್ಕೇ. ಇಂಥ ಆಯಿಲ್‌ಗೆ ಸವೆತ ತಡೆಯಲು ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ರಾಸಾಯನಿಕ ಬೆರೆಸಿರುತ್ತಾರೆ, ಅದರ ಕೆಲವು ರೂಪಗಳು ನರಗಳಿಗೆ ವಿಷ. ಕ್ಯಾಬಿನ್‌ಗೆ ಬರುವಷ್ಟು ಪ್ರಮಾಣದಿಂದ ಎಷ್ಟು ಹಾನಿ ಎನ್ನುವುದರ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಎಲ್ಲ ವಾಸನೆಯೂ ಆಯಿಲ್‌ದೇ ಅಲ್ಲ, ಪಕ್ಕದ ವಿಮಾನದ ಹೊಗೆಯೂ ಇರಬಹುದು.

ಇನ್ನು ನಿಯಮ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಪ್ರಕಾರ, ಪ್ರತಿಯೊಬ್ಬರಿಗೂ ನಿಮಿಷಕ್ಕೆ 0.55 ಪೌಂಡ್, ಅಂದರೆ ಸುಮಾರು 250 ಗ್ರಾಂ ಹೊಸ ಗಾಳಿ ಸಿಗುವಂತೆ ವಿಮಾನ ವಿನ್ಯಾಸವಾಗಿರಬೇಕು. ಕಾರ್ಬನ್ ಮೊನಾಕ್ಸೈಡ್ 20,000 ಭಾಗದಲ್ಲಿ 1 ಭಾಗ ಮೀರಬಾರದು. ಕಾರ್ಬನ್ ಡೈಆಕ್ಸೈಡ್ 0.5% ದಾಟಬಾರದು, 1996ಕ್ಕೆ ಮುಂಚೆ ಇದು 3% ಇತ್ತು! ಓಝೋನ್‌ಗೂ ಮಿತಿ ಇದೆ. ಯುರೋಪಿನಲ್ಲೂ ಹೆಚ್ಚುಕಡಿಮೆ ಇದೇ ದಾರಿ. ಇವೆಲ್ಲ ಮುಖ್ಯವಾಗಿ ವಿಮಾನದ ಮಾದರಿಗೆ ಒಪ್ಪಿಗೆ ಕೊಡುವಾಗ ತೋರಿಸಬೇಕಾದ ಲೆಕ್ಕ. ಹಾರಾಟದಲ್ಲಿ ಕ್ಯಾಬಿನ್ ಒತ್ತಡವನ್ನು ಕ್ಷಣಕ್ಷಣಕ್ಕೂ ಅಳೆಯುತ್ತಾರೆ, ತಪ್ಪಿದರೆ ಪೈಲಟ್‌ಗೆ ಎಚ್ಚರಿಕೆ ಬರುತ್ತದೆ. ಆಯಿಲ್ ಹೊಗೆಗೆ ಅಂಥ ಕಡ್ಡಾಯ ಸೆನ್ಸರ್ ಇಲ್ಲ. ಸಿಬ್ಬಂದಿಯ ಮೂಗೇ ಸೆನ್ಸರ್, ಆ ಮೂಗೋ ಸ್ವಲ್ಪ ಹೊತ್ತಿಗೇ ವಾಸನೆಗೆ ಒಗ್ಗಿಹೋಗುತ್ತೆ. ಇದು ನನಗೆ ಸರಿ ಕಾಣುವುದಿಲ್ಲ. ನಾವು ವರ್ಷಕ್ಕೆ ಒಂದೆರಡು ಸಲ ಹೋಗುವವರು, ಸಿಬ್ಬಂದಿ ವರ್ಷಕ್ಕೆ ನೂರಾರು ಗಂಟೆ ಇದೇ ಗಾಳಿ ಕುಡಿಯುತ್ತಾರೆ.

ಬೇರೆ ದಾರಿಯೇ ಇಲ್ಲ ಅನ್ನುವ ಹಾಗೂ ಇಲ್ಲ. 2011ರಲ್ಲಿ ಸೇವೆಗೆ ಬಂದ ಬೋಯಿಂಗ್ 787 ಕ್ಯಾಬಿನ್ ಗಾಳಿಯನ್ನು ಎಂಜಿನ್‌ನಿಂದ ತೆಗೆಯುವುದಿಲ್ಲ, ವಿದ್ಯುತ್ ಕಂಪ್ರೆಸರ್‌ಗಳು ನೇರವಾಗಿ ಹೊರಗಿನಿಂದ ಎಳೆದುಕೊಳ್ಳುತ್ತವೆ. ಹಳೆಯ ವಿಮಾನಗಳನ್ನೆಲ್ಲ ಹಾಗೆ ಬದಲಿಸುವುದು ಆಗದ ಮಾತು, ಆದರೆ ಸೆನ್ಸರ್ ಹಾಕಿ ಅಂತ ಕೇಳುವುದು ದೊಡ್ಡ ಬೇಡಿಕೆಯೇನಲ್ಲ ಅಲ್ವಾ?

ಇನ್ನೊಮ್ಮೆ ಹೀಗಾದರೆ ಸುಮ್ನೆ ಕೂರಬೇಡಿ. ವಾಸನೆ ಹೇಗಿತ್ತು, ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಇತ್ತು ಅಂತ ಬರೆದಿಟ್ಟುಕೊಳ್ಳಿ. ಪೈಲಟ್‌ಗೆ ತಿಳಿಸಿ ಅಂತ ಸಿಬ್ಬಂದಿಗೆ ಹೇಳಿ. ಪೈಲಟ್ ಅದನ್ನು ಟೆಕ್ನಿಕಲ್ ಲಾಗ್‌ನಲ್ಲಿ, ಅಂದರೆ ವಿಮಾನದ ದೋಷಗಳನ್ನು ಬರೆದಿಡುವ ದಾಖಲೆಯಲ್ಲಿ, ಬರೆದರೆ ಮೆಕ್ಯಾನಿಕ್ ನೋಡಲೇಬೇಕಾಗುತ್ತದೆ. ಮಗಳ ತಲೆನೋವು ಇನ್ನೂ ಇದ್ದರೆ ಡಾಕ್ಟರ್ ಹತ್ತಿರ ಈ ವಾಸನೆಯ ವಿಷಯವನ್ನೂ ಹೇಳಿ.