ಕಾವಲುಗಾರನ ಕೈಯಲ್ಲೇ ವೈರಸ್ ಸಾಗೋದು ಹೇಗೆ?

ಚರ್ಮದ ರಕ್ಷಣಾ ಕೋಶಗಳೇ ಎಚ್‌ಐವಿ ಹರಡಲು ನೆರವಾಗುತ್ತವಂತೆ, ಹೇಗೆ ಅಂತ ಕೇಳಿದ್ದೀರಿ. ನೀವು ಓದಿದ್ದು ನಿಜ, ಆದರೆ ಅರ್ಧ ಮಾತ್ರ.

ಜನನಾಂಗದ ಚರ್ಮ ಮತ್ತು ಲೋಳೆಪೊರೆಯ ಮೇಲ್ಪದರದಲ್ಲಿ ಲ್ಯಾಂಗರ್‌ಹಾನ್ಸ್ ಕೋಶಗಳಿವೆ. 1868ರಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಇವನ್ನು ಗುರುತಿಸಿದಾಗ, ಉದ್ದುದ್ದ ಕೈಗಳನ್ನು ನೋಡಿ ನರಕೋಶ ಅಂದುಕೊಂಡಿದ್ದರು. ಆ ಕೈಗಳ ಮೇಲಿನ ಲ್ಯಾಂಗರಿನ್ ಎಂಬ ಪ್ರೋಟೀನ್ ಎಚ್‌ಐವಿಯನ್ನು ಹಿಡಿದು ಒಳಗೆಳೆದು ನಾಶ ಮಾಡುತ್ತದೆ. ಅಂದ್ರೆ ಇವು ಮೊದಲು ನಮ್ಮ ಪರವೇ! ವೈರಸ್ ಜಾಸ್ತಿ ಇದ್ದಾಗ, ಇಲ್ಲವೇ ಉರಿಯೂತ ಇದ್ದಾಗ ಈ ತಡೆ ಸೋಲುತ್ತದೆ.

ಕೆಳಪದರದ ಡೆಂಡ್ರಿಟಿಕ್ ಕೋಶಗಳ, ಅಂದ್ರೆ ರೋಗಾಣು ಹಿಡಿದು ಸುದ್ದಿ ಮುಟ್ಟಿಸುವ ಇನ್ನೊಂದು ಬಗೆಯ ಕಾವಲು ಕೋಶಗಳ ಕತೆ ಬೇರೆ. ಅವುಗಳ ಡಿಸಿ-ಸೈನ್ ಎಂಬ ಪ್ರೋಟೀನಿಗೆ ವೈರಸ್ ಅಂಟಿಕೊಳ್ಳುತ್ತದೆ. ಒಂದಷ್ಟು ವೈರಸ್ ಸಾಯದೆ ಕೋಶದ ಮಡಿಕೆಗಳಲ್ಲಿ ಉಳಿಯುತ್ತದೆ. ಕೋಶ ತನ್ನ ಕೆಲಸದಂತೆ ದುಗ್ಧಗ್ರಂಥಿಗೆ (ರಕ್ಷಣಾ ಕೋಶಗಳು ಸೇರುವ ಗಂಟು, ಲಿಂಫ್ ನೋಡ್) ಹೋಗಿ, ರೋಗದ ವಿರುದ್ಧ ಹೋರಾಡುವ ಟಿ ಕೋಶ ಎಂಬ ಬಿಳಿ ರಕ್ತಕಣಕ್ಕೆ ರೋಗಾಣುವಿನ ಸುದ್ದಿ ಮುಟ್ಟಿಸಲು ಅದಕ್ಕೆ ಒತ್ತಿ ನಿಲ್ಲುತ್ತದೆ. ಆ ಸ್ಪರ್ಶದಲ್ಲೇ ವೈರಸ್ ದಾಟಿಬಿಡುತ್ತದೆ. ಎಚ್‌ಐವಿಗೆ ಬೆಳೆಯಲು ಬೇಕಾದ ಸಿಡಿ4 ಎಂಬ ಬಗೆಯ ಟಿ ಕೋಶಗಳು ಅಲ್ಲಿ ಕಿಕ್ಕಿರಿದಿರುತ್ತವೆ, ಅಲ್ವಾ?

ಹರ್ಪಿಸ್‌ನಂಥ ಹುಣ್ಣಿದ್ದರೆ ಅಪಾಯ ಹೆಚ್ಚೋದೂ ಇದಕ್ಕೇ. ಅಲ್ಲಿ ಪದರ ಹರಿದಿರುತ್ತದೆ, ಈ ಕೋಶಗಳೂ ಬಂದು ಸೇರಿರುತ್ತವೆ. ಹಾಗಂತ ಸುಮ್ನೆ ಕೈ ಮುಟ್ಟಿದರೆ ಎಚ್‌ಐವಿ ಬರೋದಿಲ್ಲ, ಆ ಭಯ ದಯವಿಟ್ಟು ಬೇಡ. ನಿಜವಾಗಿ ಅಪಾಯಕ್ಕೆ ಒಡ್ಡಿಕೊಂಡಿದ್ದರೆ ಮಾತ್ರ ತಡಮಾಡಬೇಡಿ, ಸೋಂಕು ತಡೆಯುವ ಔಷಧಿಯನ್ನು (ಪಿಇಪಿ) 72 ಗಂಟೆಯೊಳಗೆ ಶುರು ಮಾಡಲೇಬೇಕು.